ಅಪ್ಪನ ದೂರಿನ ಫೈಲು: ಮಂಜನಿಗೊಂದು ಪತ್ರ

ಪ್ರಿಯ ಮಂಜ,

ಹೇಗಿದ್ದೀಯ? ಧಾರವಾಡದಲ್ಲಿ ಮಳೆ ಚೆನ್ನಾಗಿ ಹಿಡಿದಿದೆ ಅಂತ ಕೇಳಿದೆ. ಮಗಳಿಗೆ ಹೊಸ ಸ್ಕೂಲು ಒಗ್ಗಿತಾ? ಫೋನ್ ಮಾಡಿದ್ದರೆ ಆಗುತ್ತಿತ್ತು. ಆದರೆ ಈ ವಿಷಯ ಬಾಯಲ್ಲಿ ಹೇಳಲು ಹೋದರೆ ಅರ್ಧದಲ್ಲೇ ಸಿಟ್ಟು ಬಂದು ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಎಲ್ಲರೆದುರು ಬರೆಯುತ್ತಿರುವುದಕ್ಕೂ ಕಾರಣ ಇದೆ. ವಯಸ್ಸಾದ ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬಂದವರು ನನ್ನ ಹಾಗೆ ಎಷ್ಟೋ ಜನ ಇದ್ದಾರೆ. ಅವರೂ ಓದಲಿ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಹೇಳುತ್ತೇನೆ.

ಮೇ ತಿಂಗಳಲ್ಲಿ ಊರಿನ ಮನೆಯ ಫ್ರಿಡ್ಜ್ ಕೆಟ್ಟಿತು. ತೀರ್ಥಹಳ್ಳಿ ಕಡೆ ಮೊದಲ ಗುಡುಗು ಮಳೆಗೆ ಕರೆಂಟು ಹೇಗೆ ಹೋಗಿ ಹೋಗಿ ಬರುತ್ತದೆ ಅಂತ ನೀನೇ ನೋಡಿದ್ದೀಯ. ಆ ರಾತ್ರಿ ಬಲ್ಬು ಒಮ್ಮೆ ಜೋರಾಗಿ ಉರಿದು ಆರಿತಂತೆ. ಬೆಳಿಗ್ಗೆ ನೋಡಿದರೆ ಫ್ರಿಡ್ಜ್‌ನಲ್ಲಿ ಸದ್ದೇ ಇಲ್ಲ. ಅದರೊಳಗೆ ಅಮ್ಮನ ಇನ್ಸುಲಿನ್ ಇತ್ತು. ಬಳಸುತ್ತಿರುವ ಸೀಸೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಹೊರಗೆ ಇಡಬಹುದು, ಬಿಸಿ ತಾಗದಿದ್ದರೆ ಸಾಕು. ತೆರೆಯದ್ದು ಮಾತ್ರ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಅಪ್ಪ ಅವನ್ನು ಸ್ಟೀಲ್ ಡಬ್ಬಿಗೆ ಹಾಕಿ, ಒದ್ದೆ ಬಟ್ಟೆ ಸುತ್ತಿ, ಪಕ್ಕದ ಮನೆಯವರ ಫ್ರಿಡ್ಜ್‌ನಲ್ಲಿ ಇಟ್ಟು ಬಂದರು. ಆಮೇಲೆ ಕಂಪನಿಗೆ ಫೋನ್ ಮಾಡಿದರು.

ಆ ಕಡೆಯಿಂದ ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಕನ್ನಡಕ್ಕೆ ಯಾವುದೂ ಇಲ್ಲ. ಅಪ್ಪ ಇಂಗ್ಲಿಷ್ ಓದುತ್ತಾರೆ, ಬರೆಯುತ್ತಾರೆ. ಆದರೆ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳುವ ಇಂಗ್ಲಿಷ್ ಅವರಿಗೆ ಹಿಡಿಯುವುದಿಲ್ಲ. ಮಾಡೆಲ್ ನಂಬರ್ ಒತ್ತಿ, ಪಿನ್‌ಕೋಡ್ ಒತ್ತಿ, ಮತ್ತೆ ಮುಖ್ಯ ಮೆನುಗೆ ಹೋಗಿ. ಕಡೆಗೆ ಹೇಗೋ ದೂರು ದಾಖಲಾಯಿತು. ಶಿವಮೊಗ್ಗದಿಂದ ಹುಡುಗ ಬರಲು ವಾರವೇ ಆಯಿತು. ಆ ದಿಕ್ಕಿಗೆ ನಾಲ್ಕೈದು ದೂರು ಸೇರಿದ ಮೇಲೆ ಒಟ್ಟಿಗೆ ಬರುತ್ತಾರಂತೆ.

ಬಂದವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಬೋರ್ಡ್ ಹೋಗಿದೆ ಯಜಮಾನ್ರೇ, ಆರ್ಡರ್ ಹಾಕ್ತೀನಿ" ಅಂದ. ಹೊರಡುವಾಗ, "ಮೊಬೈಲ್‌ಗೆ ಒಂದು ನಂಬರ್ ಬಂದಿದೆ ನೋಡಿ, ಹೇಳಿ" ಅಂದ. ಅಪ್ಪ ಹೇಳಿದರು. ಅವನು ಗೇಟು ದಾಟುವ ಮೊದಲೇ ಇಂಗ್ಲಿಷ್‌ನಲ್ಲಿ ಮೆಸೇಜ್ ಬಂತು: ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದ.

ಅದಕ್ಕೆ ಇವರೆಲ್ಲ ಹ್ಯಾಪಿ ಕೋಡ್ ಅನ್ನುತ್ತಾರೆ ಮಂಜ. ಕೆಲಸ ಮುಗಿದು ಗ್ರಾಹಕನಿಗೆ ಸಮಾಧಾನ ಆಗಿದೆ ಅನ್ನುವುದಕ್ಕೆ ಸಾಕ್ಷಿಯಾಗಿ ಕೊಡುವ ನಂಬರ್. ಅದು ಸಿಕ್ಕಿದರೆ ಲೆಕ್ಕದಲ್ಲಿ ದೂರು ಮುಗಿಯಿತು. ಮತ್ತೆ ಫೋನ್ ಮಾಡಿದರೆ ಹೊಸ ದೂರು, ಹೊಸ ನಂಬರ್, ಮೊದಲಿನಿಂದ ಹೇಳಬೇಕು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕಂಪನಿಯ ನೌಕರನೂ ಅಲ್ಲ, ಗುತ್ತಿಗೆ ಹಿಡಿದ ಸರ್ವಿಸ್ ಸೆಂಟರಿನವನು. ಮುಗಿಸಿದ ದೂರಿಗೆ ಇಷ್ಟು ಅಂತ ದುಡ್ಡು. ಅರವತ್ತು ಕಿಲೋಮೀಟರು ಬೈಕ್ ಓಡಿಸಿ ಬಂದಿದ್ದ. ಬೋರ್ಡ್ ಸ್ಟಾಕ್‌ನಲ್ಲಿ ಇಲ್ಲ ಅಂದರೆ ಅವನ ದಿನ ಹಾಳು. ಸಿಟ್ಟಿರುವುದು ಆ ಲೆಕ್ಕವನ್ನು ಕೂತು ಹೆಣೆದವರ ಮೇಲೆ.

ಎರಡನೇ ಸಲ ಬಂದಾಗ ಅವನು ಹೇಳಿದ್ದು ಇನ್ನೊಂದು. "ವೋಲ್ಟೇಜ್ ಜಾಸ್ತಿ ಬಂದು ಸುಟ್ಟಿದೆ. ವಾರಂಟಿಗೆ ಬರಲ್ಲ. ಒಂದು ಸ್ಟೆಬಿಲೈಜರ್ ಹಾಕಿಸಿಬಿಡಿ." ಅವನು ಅದನ್ನು ಹೇಳುವಾಗ ಒರಗಿ ನಿಂತಿದ್ದ ಬಾಗಿಲ ಮೇಲೆ ಸ್ಟಿಕ್ಕರ್ ಇದೆ. ಅಮ್ಮ ಅದನ್ನು ಕೀಳಲು ಯಾರಿಗೂ ಬಿಟ್ಟಿಲ್ಲ, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಹಾಗೇ ಇದೆ. ಒಂದು ಸಾಲಿನಲ್ಲಿ 'ಸ್ಟೆಬಿಲೈಜರ್ ಬೇಕಿಲ್ಲ' ಅಂತ. ಅದರ ಕೆಳಗೆ ದೊಡ್ಡದಾಗಿ '10 ವರ್ಷ ವಾರಂಟಿ'. ಆ ಹತ್ತರ ಪಕ್ಕದ ಸಣ್ಣ ಚುಕ್ಕಿ ಗುರುತನ್ನು ಹಿಡಿದು ಕೆಳಗೆ ಬಂದರೆ, ಹತ್ತು ವರ್ಷ ಕಂಪ್ರೆಸರ್‌ಗೆ ಮಾತ್ರ. ಉಳಿದದ್ದಕ್ಕೆಲ್ಲ ಒಂದೇ ವರ್ಷ. ಈಗಿನ ಇನ್ವರ್ಟರ್ ಫ್ರಿಡ್ಜ್‌ಗಳಲ್ಲಿ ಕಂಪ್ರೆಸರ್ ನಡೆಯುವುದೇ ಆ ಎಲೆಕ್ಟ್ರಾನಿಕ್ ಬೋರ್ಡ್‌ನಿಂದ. ಬೋರ್ಡ್ ಸತ್ತರೆ ಹತ್ತು ವರ್ಷದ ಕಂಪ್ರೆಸರ್ ಸುಮ್ನೆ ಕೂರುತ್ತದೆ. ಬೋರ್ಡಿಗೆ ಹೇಳಿದ ಬೆಲೆ ಕೇಳಿ ಅಮ್ಮ ಅಲ್ಲೇ ಕುಕ್ಕರಿಸಿಬಿಟ್ಟರು.

ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಪ್ಪ ಹೇಳಲಿಲ್ಲ. ಪಕ್ಕದ ಮನೆಯ ಹುಡುಗ ಬೆಂಗಳೂರಿಗೆ ಬಂದವನು ಮಾತಿನ ಮಧ್ಯೆ, "ಅಜ್ಜಿ ಔಷಧಿ ಇನ್ನೂ ನಮ್ಮನೇಲೇ ಇದೆ" ಅಂದ. ಆ ವಾರವೇ ಊರಿಗೆ ಹೊರಟೆ.

ನನ್ನಪ್ಪ ಯಾರು ಅಂತ ನಿನಗೆ ಹೇಳಬೇಕಾ? ಹಾಸ್ಟೆಲ್ಲಿನ ಸಾರಿನ ಬಗ್ಗೆ ವಾರ್ಡನ್‌ಗೆ ಎರಡು ಪುಟ ಬರೆದ ಮನುಷ್ಯ. ಉಳಿದವರಿಗೆ ಹೇಳುತ್ತೇನೆ: ಅವರು ಹಳ್ಳಿ ಶಾಲೆಯ ಮೇಷ್ಟ್ರು. ಬಸ್ಸು ನಿಲ್ಲಿಸದೆ ಹೋದರೆ ಬರೆಯುವರು. ಗ್ಯಾಸ್ ಸಿಲಿಂಡರ್ ತೂಕ ಕಮ್ಮಿ ಅನ್ನಿಸಿದರೆ ಬರೆಯುವರು. ಕಾರ್ಬನ್ ಇಟ್ಟು ಬರೆದು, ಒಂದು ಪ್ರತಿ ನೀಲಿ ಫೈಲಿಗೆ. ಉತ್ತರ ಬಂದರೆ ಅದೂ ಅದೇ ಫೈಲಿಗೆ. ಎಷ್ಟೋ ಉತ್ತರ ಬಂದಿವೆ, ನಾನೇ ಓದಿದ್ದೇನೆ. ಒಬ್ಬ ಅಧಿಕಾರಿ ಸಹಿ ಹಾಕಿ ಕ್ಷಮೆ ಕೇಳಿದ್ದಾರೆ. ಇನ್ನೊಬ್ಬರು ನಿಮ್ಮ ಮಾತು ತಪ್ಪು ಅಂತ ವಾದ ಮಾಡಿ ಒಂದೂವರೆ ಪುಟ ಬರೆದಿದ್ದಾರೆ. ಅದನ್ನು ಅಪ್ಪ ಜಾಸ್ತಿ ಜೋಪಾನ ಮಾಡಿದ್ದಾರೆ.

ಈ ಸಲ ಆ ಫೈಲಿನಲ್ಲಿ ಫ್ರಿಡ್ಜ್ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ಯಾಕೆ ಬರೆಯಲಿಲ್ಲ ಅಂದೆ. "ಯಾರಿಗೆ ಅಂತ ಬರೀಲೋ? ಒಂದು ಒತ್ತಿ ಎರಡು ಒತ್ತಿ ಅಂತಾರೆ. ಕೇಳೋರು ಯಾರು ಅಂತಾನೇ ಗೊತ್ತಾಗಲ್ಲ. ಸಾಕಾಯ್ತು" ಅಂದರು. ನನಗಾದರೂ ಹೇಳಬಹುದಿತ್ತಲ್ಲ ಅಂದೆ. ಉತ್ತರ ಕೊಡಲಿಲ್ಲ.

ಆಮೇಲೆ ಬೇರೆ ಯಾವುದಕ್ಕೋ ಅವರ ಬ್ಯಾಂಕ್ ಪಾಸ್‌ಬುಕ್ ತೆಗೆದೆ. ಅದರಲ್ಲಿ ಕೆಲವು ಸಾಲುಗಳ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಪ್ರಶ್ನೆ ಚಿಹ್ನೆ. ತಾವು ಕೇಳದ ಒಂದು ವಿಮೆಗೆ ವರ್ಷ ವರ್ಷ ಹಣ ಕಡಿತ. ಯಾವುದೋ ಸೇವಾ ಶುಲ್ಕ. ಮೆಸೇಜ್ ಕಳಿಸಿದ್ದಕ್ಕೆ ಶುಲ್ಕ. ಅಳಿಸಿದರೆ ಹೋಗುವಷ್ಟು ತೆಳುವಾಗಿ ಗುರುತು ಹಾಕಿದ್ದಾರೆ, ಯಾರನ್ನೂ ಕೇಳಿಲ್ಲ. ಪುಟ ತಿರುಗಿಸುತ್ತಾ ಹಿಂದಕ್ಕೆ ಹೋದರೆ ಹಳೆಯ ವರ್ಷಗಳಲ್ಲೂ ಅದೇ ಗುರುತು.

ನನಗೆ ಭಯ ಆಯಿತು ಮಂಜ. ಫ್ರಿಡ್ಜ್ ದುಡ್ಡು ಹೋದರೆ ಹೋಗಲಿ. ಆದರೆ ಈ ಮನುಷ್ಯ ಕೇಳುವುದನ್ನೇ ಬಿಟ್ಟುಬಿಟ್ಟಿದ್ದಾರೆ. ಹತ್ತು ರೂಪಾಯಿ, ನೂರು ರೂಪಾಯಿ, ಒಂದು ಮೆಸೇಜ್, ಒಂದು ಮೆನು, ಹೀಗೆ ಸ್ವಲ್ಪ ಸ್ವಲ್ಪವೇ ಬಿಡಿಸಿದ್ದಾರೆ. ಅಂಗಡಿಯವನನ್ನು ಕೇಳುವುದು ಬಿಟ್ಟವರು ನಿಧಾನಕ್ಕೆ ಡಾಕ್ಟರನ್ನು ಕೇಳುವುದು ಬಿಡುತ್ತಾರೆ, ಆಮೇಲೆ ಮಕ್ಕಳನ್ನೂ. ಎದೆ ನೋವು ಬಂದರೂ ಇವರು ಹೀಗೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಸುಮ್ಮನಿರುತ್ತಾರಾ? ಆ ಯೋಚನೆ ಬಂದದ್ದೇ ಹಿತ್ತಲಿಗೆ ಹೋಗಿ ಬಾವಿ ಕಟ್ಟೆ ಮೇಲೆ ಕೂತು ಅತ್ತೆ. ಅಮ್ಮ ನೋಡಿದರು, ಏನೂ ಕೇಳಲಿಲ್ಲ. ಅವರೂ ಕೇಳಲಿಲ್ಲ ಅನ್ನುವುದಕ್ಕೆ ಇನ್ನೂ ಅಳು ಬಂತು.

ಆಗ ನೀನು ನೆನಪಾದೆ. ಕಾಲ್ ಸೆಂಟರಿನ ನೈಟ್ ಶಿಫ್ಟ್‌ನಲ್ಲಿದ್ದಾಗ ಅಮೆರಿಕದ ಒಬ್ಬಳು ಅಜ್ಜಿ ಪ್ರಿಂಟರ್ ಸರಿ ಮಾಡಿಸಿಕೊಳ್ಳಲು ಫೋನ್ ಮಾಡಿ ನಿನ್ನ ಹತ್ತಿರ ಗಂಡನ ಸಾವಿನ ಬಗ್ಗೆ ಮಾತಾಡಿದ್ದು, ನೀನು ಲೈನ್ ಕತ್ತರಿಸದೆ ಕೇಳಿದ್ದು, ಕಾಲ್ ಸಮಯ ಮೀರಿತು ಅಂತ ಬೆಳಗಿನ ಜಾವ ಬೈಸಿಕೊಂಡದ್ದು. "ಒಳ್ಳೆಯವನಾಗಿದ್ದಕ್ಕೆ ಮಾರ್ಕ್ಸ್ ಕಡಿಮೆ ಆಯ್ತು ಕಣೋ" ಅಂತ ನೀನೇ ಅಂದಿದ್ದೆ. ನಾನು ಕಂಪನಿಗೆ ಫೋನ್ ಮಾಡಿದಾಗಲೂ ಹಾಗೇ ಆಯಿತು. ಹುಡುಗಿ ಇಂಗ್ಲಿಷ್‌ನಲ್ಲಿ ಮಾತಾಡುತ್ತಿದ್ದಳು. ತೀರ್ಥಹಳ್ಳಿ ಅಂದ ಕೂಡಲೇ ಕನ್ನಡಕ್ಕೆ ಬಂದು, "ಅಮ್ಮನ ಇನ್ಸುಲಿನ್ ಎಲ್ಲಿ ಇಟ್ಟಿದ್ದೀರಾ ಸರ್?" ಅಂತ ಕೇಳಿದಳು. ಅಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ. ತಕ್ಷಣ "ಸರ್, ಕಾಲ್ ರೆಕಾರ್ಡ್ ಆಗ್ತಿದೆ" ಅಂದು ಮತ್ತೆ ಇಂಗ್ಲಿಷ್‌ಗೆ ಹೋದಳು. ಒಳಗಿರುವವರಲ್ಲಿ ಕರುಣೆ ಇದೆ. ಅದನ್ನು ತೋರಿಸಲು ಸಮಯ ಕೊಡುವುದಿಲ್ಲ, ಅಷ್ಟೆ. ಆ ಕೆಲಸ ಬಿಟ್ಟಾಗ ನೀನು ತಿಂಗಳುಗಟ್ಟಲೆ ಮಾತೇ ಆಡುತ್ತಿರಲಿಲ್ಲ. ಅದು ಯಾಕೆ ಅಂತ ನನಗೆ ಈಗ ಅರ್ಥವಾಯಿತು.

ಇಷ್ಟೆಲ್ಲ ಹೇಳುವ ಅಂದಾಜು ಇರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ. ಮುಂದೆ ನಡೆದದ್ದು ಹೇಳುತ್ತೇನೆ, ಅದರಲ್ಲಿ ಸ್ವಲ್ಪ ಖುಷಿಯೂ ಇದೆ.

ಅಪ್ಪನಿಗೆ 1915 ನಂಬರ್ ಕೊಟ್ಟೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 17 ಭಾಷೆಗಳಲ್ಲಿ ಮಾತಾಡುತ್ತಾರೆ, ಕನ್ನಡವೂ ಇದೆ. ಅದು ಕೋರ್ಟಲ್ಲ, ದೂರನ್ನು ಕಂಪನಿಗೆ ದಾಟಿಸಿ ಬೆನ್ನು ಹತ್ತುತ್ತಾರೆ. ಅಪ್ಪ ಕನ್ನಡದಲ್ಲಿ ದೀರ್ಘವಾಗಿ ಮಾತಾಡಿದರು. ಪಕ್ಕದಲ್ಲಿ ಕೂತು ಕೇಳಿದೆ. ಅವರ ಗಂಟಲು ಬದಲಾದದ್ದು ನನಗೆ ಗೊತ್ತಾಯಿತು, ಕ್ಲಾಸಿನಲ್ಲಿ ಪಾಠ ಮಾಡುವಾಗಿನ ಗಂಟಲು.

ಆಮೇಲೆ ಕಾಯ್ದೆ ಓದಿ ಹೇಳಿದೆ. 1986ರ ಹಳೆಯದರ ಜಾಗಕ್ಕೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅಪ್ಪನಿಗೆ ಅದರಲ್ಲಿ ತುಂಬಾ ಹಿಡಿಸಿದ್ದು ಒಂದು: ಕಂಪನಿ ಎಲ್ಲೇ ಇರಲಿ, ದೂರುದಾರ ತಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹಾಕಬಹುದು. ಶಿವಮೊಗ್ಗ ಸಾಕು, ದೆಹಲಿಗೆ ಓಡಬೇಕಿಲ್ಲ. ವಕೀಲರು ಕಡ್ಡಾಯ ಅಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಹಾಕಬೇಕು. ವಸ್ತುವನ್ನು ಪರೀಕ್ಷೆಗೆ ಕಳಿಸುವುದಿಲ್ಲದಿದ್ದರೆ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ನಿಜದಲ್ಲಿ ಎಷ್ಟೋ ಕೇಸು ವರ್ಷಗಟ್ಟಲೆ ಎಳೆಯುತ್ತವೆ, ಅದನ್ನೂ ಅವರಿಗೆ ಮುಚ್ಚಿಡಲಿಲ್ಲ.

ಅವರು ಎದ್ದು ಹೋಗಿ ಫೈಲಿನಿಂದ ಎರಡು ಪೇಪರ್ ಕಟಿಂಗ್ ತಂದರು. ಒಂದು 2025ರ ಫೆಬ್ರವರಿಯದು. ಸಿನಿಮಾ ಟಿಕೆಟ್‌ನಲ್ಲಿ ಹಾಕಿದ ಹೊತ್ತಿಗೆ ಸಿನಿಮಾ ಶುರು ಮಾಡದೆ 25 ನಿಮಿಷ ಜಾಹೀರಾತು ತೋರಿಸಿದ್ದಕ್ಕೆ ಬೆಂಗಳೂರಿನ ಗ್ರಾಹಕ ಆಯೋಗ ಮಲ್ಟಿಪ್ಲೆಕ್ಸ್ ಕಂಪನಿಯೊಂದಕ್ಕೆ 1 ಲಕ್ಷ ದಂಡ ಹಾಕಿದ ಸುದ್ದಿ. ಇನ್ನೊಂದು ಮುಂದಿನ ತಿಂಗಳದು, ಅದೇ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟ ಸುದ್ದಿ. ಎರಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿ ಇಟ್ಟಿದ್ದರು. ಮಾತು ಬಿಟ್ಟಿದ್ದರೂ ಮನುಷ್ಯ ಕಣ್ಣು ಬಿಟ್ಟುಕೊಂಡೇ ಇದ್ದಾರೆ ಅಂತ ನನಗೆ ಅಲ್ಲಿ ಉಸಿರು ಬಂತು.

ಫ್ರಿಡ್ಜ್ ಈಗ ಓಡುತ್ತಿದೆ. ಪೇಟೆಯಲ್ಲಿ ಹಳೇ ಟಿವಿ ರಿಪೇರಿ ಮಾಡುವವರೊಬ್ಬರು ಬೋರ್ಡ್ ಬಿಚ್ಚಿ, ಸುಟ್ಟ ಒಂದು ಫ್ಯೂಸು ಮತ್ತು ವೇರಿಸ್ಟರ್ ಅನ್ನುವ ಸಣ್ಣ ಬಿಲ್ಲೆ ಬದಲಿಸಿದರು. ವೋಲ್ಟೇಜ್ ಏರಿದಾಗ ತಾನು ಸತ್ತು ಬೋರ್ಡ್ ಉಳಿಸುವುದೇ ಅದರ ಕೆಲಸವಂತೆ. ಅವರು ತಗೊಂಡದ್ದು ಒಂದು ಹೋಟೆಲ್ ಊಟದ ದುಡ್ಡು. ಕಂಪನಿಯವರು ಇಡೀ ಬೋರ್ಡ್ ಮಾತ್ರ ಮಾರುತ್ತಾರೆ, ಅದರ ನಕ್ಷೆಯನ್ನು ಹೊರಗಿನವರಿಗೆ ಕೊಡುವುದಿಲ್ಲ. ಹೊರಗಿನವರು ಮುಟ್ಟಿದರೆ ಉಳಿದ ವಾರಂಟಿಯೂ ಇಲ್ಲ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ರಿಪೇರಿಯ ಹಕ್ಕಿಗೆ ಅಂತಲೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಒಂದು ಜಾಲತಾಣ ತೆರೆದಿದೆ. ಕಂಪನಿಗಳು ಅಲ್ಲಿ ಮಾಹಿತಿ ಹಾಕಿದರೆ ಸಾಲದು. ಆ ಪೇಟೆಯ ರಿಪೇರಿಯವರ ಕೈಗೆ ನಕ್ಷೆಯೂ ಬಿಡಿಭಾಗವೂ ಸಿಗಬೇಕು.

1915ಕ್ಕೆ ಹೇಳಿದ ಮೇಲೆ ಕಂಪನಿಯಿಂದ ಫೋನ್ ಬಂತು. ಅರ್ಧ ಬೆಲೆಗೆ ಬೋರ್ಡ್ ಕೊಡುತ್ತೇವೆ ಅಂದರು. ಅಪ್ಪ ಬೇಡ ಅಂದರು. ಅವರಿಗೆ ಬೇಕಿರುವುದು ಎರಡು ಪ್ರಶ್ನೆಗೆ ಬರಹದಲ್ಲಿ ಉತ್ತರ: ಸ್ಟೆಬಿಲೈಜರ್ ಬೇಕಿಲ್ಲ ಅಂತ ಬರೆದು ಮಾರಿದ್ದು ಯಾಕೆ? ರಿಪೇರಿ ಆಗದ ದೂರನ್ನು ಮುಗಿದಿದೆ ಅಂತ ಬರೆದುಕೊಂಡವರು ಯಾರು? ಬಿಲ್ಲಿನಲ್ಲಿ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸ ಇತ್ತು. ಕನ್ನಡದಲ್ಲೇ ಬರೆದರು. ಸುಟ್ಟ ಬಿಲ್ಲೆಯನ್ನು ಲಕೋಟೆಗೆ ಹಾಕಿ ಫೈಲಿಗೆ ಸೇರಿಸಿದ್ದಾರೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲೇ ಸ್ಪೀಡ್ ಪೋಸ್ಟ್‌ಗೆ ಸೇರಿಹೋಗಿದೆ ಅಂತ ಪೋಸ್ಟ್ ಆಫೀಸಿನಲ್ಲಿ ಗೊತ್ತಾಗಿ ಸ್ವಲ್ಪ ಬೇಜಾರು ಮಾಡಿಕೊಂಡರು. ಉತ್ತರ ಬರದಿದ್ದರೆ ಶಿವಮೊಗ್ಗದ ಆಯೋಗಕ್ಕೆ ಹೋಗುವುದು ಅಂತ ತೀರ್ಮಾನ ಆಗಿದೆ. ಅದಾದ ಮೇಲೆ ಪಾಸ್‌ಬುಕ್ಕಿನ ಸರದಿ.

ಪತ್ರದ ಒಂದು ನಕಲು ನಿನಗೂ ಕಳಿಸಲು ಹೇಳಿದ್ದಾರೆ. ಮೂರನೇ ಪ್ಯಾರಾ ಜಾಸ್ತಿ ಖಾರ ಆಯ್ತಾ ಅಂತ ಮಂಜನನ್ನೇ ಕೇಳು, ಒಳಗಿದ್ದು ಬಂದವನು ಅವನು ಅಂದರು. ನೀನು ಖಾರ ಇರಲಿ ಅನ್ನುತ್ತೀಯ ಅಂತ ನನಗೆ ಗೊತ್ತು. ಆದರೂ ಫೋನ್ ಮಾಡಿ ಅವರಿಗೇ ಹೇಳು. ಮಧ್ಯಾಹ್ನ ಮೂರರ ಮೇಲೆ ಮಾಡು, ಅದಕ್ಕೆ ಮೊದಲು ನಿದ್ದೆ. ಶ್ರಾವಣಕ್ಕೆ ಊರಿಗೆ ಬರುವಾಗ ಪೇಡ ತಾ. ಲೈನ್ ಬಜಾರಿನಲ್ಲಿ ಎಷ್ಟು ಹೊತ್ತು ಕ್ಯೂ ನಿಂತರೂ ಸರಿ. ಅಮ್ಮನ ಕಣ್ಣಿಗೆ ಬೀಳದ ಹಾಗೆ ನನ್ನ ಕೈಗೇ ಕೊಡು.

ನಿನ್ನ,
ಸತೀಶ