ಕೋಡಿಮಠದ ಊರಿನ ಔಷಧ ನಿಧಿಗೆ ದೇಣಿಗೆ ಮನವಿ

ಮಾನ್ಯರೇ, ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಗೆ ಬಂದವರು ಕೇದಾರೇಶ್ವರನ ಗುಡಿ ಸುತ್ತಿ, ಫೋಟೊ ತೆಗೆದುಕೊಂಡು, ಶಿರಾಳಕೊಪ್ಪದ ಕಡೆ ಹೊರಟುಬಿಡುತ್ತಾರೆ. ಅಲ್ಲಿನ ಶಾಸನಕಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ನಮ್ಮ ಮನವಿ ಹುಟ್ಟಿದ್ದೇ ಅಂಥ ಒಂದು ಶಾಸನದ ಮಾತಿನಿಂದ.

ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಅದು. ಈ ಗುಡಿಯನ್ನು ನೋಡಿಕೊಳ್ಳುತ್ತಿದ್ದ ಕಾಳಾಮುಖ ಶೈವರ ಕೋಡಿಯ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬುದನ್ನು ಒಂದರ ಹಿಂದೊಂದು ಹೇಳುತ್ತ ಹೋಗುತ್ತದೆ. (ಅರಸೀಕೆರೆ ಕಡೆಯ, ಭವಿಷ್ಯಕ್ಕೆ ಹೆಸರಾದ ಕೋಡಿಮಠ ಬೇರೆ.) ಆಗ ವಾಮಶಕ್ತಿ ಪಂಡಿತರು ಮಠದ ಗುರುಗಳು. ನಾಲ್ಕು ವೇದ, ಪಾಣಿನಿ, ಶಾಕಟಾಯನರ ವ್ಯಾಕರಣ, ಆರು ದರ್ಶನ, ಎಲ್ಲದರ ಪಾಠವೂ ಇತ್ತು. ಮುಂದಿನ ಸಾಲುಗಳು ನಮಗೆ ಇನ್ನೂ ಹತ್ತಿರ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು, ಜೈನ ಕ್ಷಪಣಕರು ಎಲ್ಲರಿಗೂ ಅಲ್ಲಿ ಊಟ! ಶೈವ ಮಠದ ಪಂಕ್ತಿಯಲ್ಲಿ ಜೈನ ಯತಿಗೂ ಎಲೆ ಹಾಕುತ್ತಿದ್ದರು. ಕಾಳಾಮುಖರೆಂದರೆ ಕಪಾಲ ಹಿಡಿದ ಭಯಂಕರರು ಎಂದು ಕೇಳಿ ಬೆಳೆದ ನಮಗೆ ಇದನ್ನು ಮೊದಲು ಓದಿದಾಗ ಸ್ವಲ್ಪ ನಾಚಿಕೆಯೇ ಆಯಿತು.

ಆಮೇಲೆ ಬರುತ್ತದೆ ಈ ಮಾತು: ‘ನಾನಾನಾಥರೋಗಿಜನರೋಗಭೈಷಜ್ಯಸ್ಥಾನ’. ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಸಿಗುವ ಜಾಗ ಎಂದರ್ಥ. ಒಂದೇ ಆವರಣದಲ್ಲಿ ಶಾಲೆ, ಅನ್ನಛತ್ರ, ಆಸ್ಪತ್ರೆ, ಗುಡಿ.

ಅವುಗಳಲ್ಲಿ ಇಂದು ನಿಂತಿರುವುದು ಗುಡಿ ಮಾತ್ರ. ಬಳಪದ ಕಲ್ಲಿನ ತ್ರಿಕೂಟ. ಮೂರು ಗರ್ಭಗುಡಿಗಳಲ್ಲಿ ಎರಡರಲ್ಲಿ ಲಿಂಗ, ಉತ್ತರದ್ದರಲ್ಲಿ ವಿಷ್ಣು. ಮೂರಕ್ಕೂ ಮೂರು ಶಿಖರ, ಮುಂದೆ ಒಂದೇ ತೆರೆದ ಸಭಾಮಂಟಪ. ಶಿಖರದ ಮುಂದೆ ಹುಲಿಯೊಡನೆ ಸೆಣಸುವ ಸಳನನ್ನು ಹೊಯ್ಸಳರು ಆಮೇಲೆ ಕೂರಿಸಿದರು. ಮದ್ದು ಅರೆಯುತ್ತಿದ್ದ ಕೋಣೆ, ರೋಗಿಗಳು ಮಲಗುತ್ತಿದ್ದ ಜಗಲಿ ಯಾವುದೂ ಉಳಿದಿಲ್ಲ. ಗುಡಿ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ; ಅದರ ಕಲ್ಲಿಗೆ ನಾವು ಕೈ ಹಚ್ಚುವಂತಿಲ್ಲ, ಹಚ್ಚುವುದೂ ಇಲ್ಲ. ಜೀರ್ಣೋದ್ಧಾರಕ್ಕೆಂದು ಯಾರಾದರೂ ನಮ್ಮ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಡಿ.

ನಾವು ಕೇಳುತ್ತಿರುವುದು ಮಾತ್ರೆಗೆ. ಊರಿನ ಕೆಲವರು ಸೇರಿ ಕಟ್ಟಿಕೊಂಡ ನಮ್ಮ ಸಣ್ಣ ಟ್ರಸ್ಟ್ ತಿಂಗಳ ಮೊದಲ ಭಾನುವಾರ ಉಚಿತ ತಪಾಸಣೆ ನಡೆಸುತ್ತದೆ. ವೈದ್ಯರು ಸಂಭಾವನೆ ತೆಗೆದುಕೊಳ್ಳುವುದಿಲ್ಲ. ತೊಂದರೆ ಅದರ ಮರುದಿನ ಶುರು: ಬಿಪಿ, ಸಕ್ಕರೆ ಕಾಯಿಲೆಯ ಚೀಟಿ ಹಿಡಿದು ಹೋದ ಅಜ್ಜಿ ಹದಿನೈದು ದಿನದ ಮಾತ್ರೆ ಕೊಂಡು, ಅದು ಮುಗಿದ ಮೇಲೆ ಸುಮ್ಮನಾಗುತ್ತಾರೆ. ಕೇಳಿದರೆ “ಈಗ ಆರಾಮಿದೀನಿ ಕಣಪ್ಪ” ಅನ್ನುತ್ತಾರೆ. ಆರಾಮಿರುವುದಿಲ್ಲ.

ಒಬ್ಬರ ಒಂದು ತಿಂಗಳ ಮಾತ್ರೆಗೆ ನಾವು 300 ರೂಪಾಯಿ ಎತ್ತಿಡುತ್ತಿದ್ದೇವೆ, ವರ್ಷಕ್ಕೆ 3,600. ಇಡೀ ವರ್ಷದ್ದನ್ನು ಒಬ್ಬರೇ ವಹಿಸಿಕೊಳ್ಳಬಹುದು, ನಾಲ್ಕು ಜನ ಸ್ನೇಹಿತರು ಹಂಚಿಕೊಳ್ಳಬಹುದು, ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ತಿಂಗಳಿನದನ್ನು ಕೊಡಬಹುದು. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇದೆ. 80ಜಿ ತೆರಿಗೆ ವಿನಾಯಿತಿ ನಮಗೆ ಇನ್ನೂ ಸಿಕ್ಕಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇವೆ. ಮಾತ್ರೆ ಕೊಂಡ ಬಿಲ್ಲುಗಳ ಕಡತ ಟ್ರಸ್ಟ್ ಕಚೇರಿಯಲ್ಲಿರುತ್ತದೆ. ಗುಡಿ ನೋಡಲು ಬಂದಾಗ ಅದನ್ನೂ ತೆರೆದು ನೋಡಿ.

ಇಂತಿ,
ಟ್ರಸ್ಟಿನ ಧರ್ಮದರ್ಶಿಗಳು, ಬಳ್ಳಿಗಾವಿ