ದೇವರು ನನ್ನ ಹತ್ತಿರ ಮಾತಾಡುವುದಿಲ್ಲ ಎಂದು ಬರೆದವಳಿಗೆ

ಸಿದ್ದಾಪುರ, ಕೊಡಗು
ಮಾರ್ಚ್, ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ, ಯೇಸುವಿನ ನಾಮದಲ್ಲಿ ದೊಡ್ಡಪ್ಪನ ಆಶೀರ್ವಾದ.

ನಿನ್ನ ಕಾಗದ ಗುರುವಾರ ಬಂತು. ಏಜೆಂಟ್ ಮೂಲಕ ಬಂದ ದೂರದ ಕೆಲಸಕ್ಕೆ ಹೋಗುವುದಾ ಬೇಡವಾ ಅನ್ನುವ ವಿಷಯ, ಸಂಬಳ, ನಿನ್ನಪ್ಪನ ಸಿಟ್ಟು, ಅಮ್ಮನ ಕಣ್ಣೀರು, ಇದನ್ನೆಲ್ಲ ಫೋನಿನಲ್ಲಿ ಎಲ್ಲರೂ ಎಲ್ಲರಿಗೂ ಹೇಳಿ ಆಗಿದೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ಆದರೆ ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಾತು ಬರೆದಿದ್ದೀಯಲ್ಲ. 'ಒಂದು ತಿಂಗಳಿಂದ ಪ್ರಾರ್ಥನೆ ಮಾಡ್ತಿದ್ದೀನಿ ದೊಡ್ಡಪ್ಪ, ಏನೂ ಕೇಳಿಸಲಿಲ್ಲ. ದೇವರು ನನ್ನ ಹತ್ತಿರ ಮಾತಾಡೋದಿಲ್ಲ ಅನ್ನಿಸುತ್ತೆ. ನಾನೇ ತೀರ್ಮಾನ ಮಾಡಿ ಅದು ತಪ್ಪಾದರೆ ಕೈ ಬಿಡ್ತಾನಾ?' ಅದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ.

ಇಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಇನ್ನೂ ಬಂದಿಲ್ಲ. ರೊಬಸ್ಟಾ ಕಾಫಿ ಗಿಡದಲ್ಲಿ ಮೊಗ್ಗು ತುಂಬಿ ನಿಂತಿದೆ. ನಾನು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡಿದ ಮೂವತ್ತು ಚಿಲ್ಲರೆ ವರ್ಷವೂ ಮಾರ್ಚ್ ಅಂದರೆ ಇದೇ ಗೋಳು. ಮಳೆಗೆ ಕಾಯುವುದಾ, ಸ್ಪ್ರಿಂಕ್ಲರ್ ಹಾಕುವುದಾ? ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಇಪ್ಪತ್ತು ಮೂವತ್ತು ಸೆಂಟ್ಸ್, ಅಂದರೆ ಕಾಲು ಇಂಚಿನಷ್ಟು, ಬಿದ್ದು ನಿಂತರೆ ಹೂ ಅರ್ಧಕ್ಕೆ ಕೆಡುತ್ತದೆ. ತೋಟದ ಸಾಹುಕಾರ್ರು ಕೆರೆ ನೋಡುತ್ತಿದ್ದರು, ಮೊಗ್ಗು ಮುರಿದು ನೋಡುತ್ತಿದ್ದರು, ಡೀಸೆಲ್ ಲೆಕ್ಕ ಕೇಳುತ್ತಿದ್ದರು, ಆಮೇಲೆ 'ಹಾಕ್ರೋ' ಅನ್ನುತ್ತಿದ್ದರು. ಒಂದು ವರ್ಷ ಪೈಪ್ ಎಳೆದು ಮುಗಿಸಿದ ರಾತ್ರಿಯೇ ಜೋರು ಮಳೆ. ಬೆಳಿಗ್ಗೆ ನಾನು ಹೆದರಿಕೊಂಡು ಹೋದೆ. ಅವರು ಕಾಫಿ ಕುಡಿಯುತ್ತಾ, ಆಯ್ತು ಬಿಡು ಮಾರಾಯ, ಕೆರೆ ತುಂಬಿತಲ್ಲ ಅಂದರು.

ಇದನ್ನು ಯಾಕೆ ಬರೆದೆನೋ. ನಿನ್ನ ಪ್ರಶ್ನೆಗೆ ಇದು ಉತ್ತರ ಅಲ್ಲ. ಸಾಹುಕಾರ್ರಿಗೆ ಕೆರೆ ಇತ್ತು, ನಿನಗೆ ತಿಂಗಳ ಕೊನೆಯೊಳಗೆ ಹೌದು ಅಥವಾ ಇಲ್ಲ ಅನ್ನಬೇಕು.

ನಿನ್ನ ಹಾಸ್ಟೆಲಿನ ಪ್ರಾರ್ಥನಾ ಕೂಟದ ಹುಡುಗಿಯರಿಗೆ ಕರ್ತನು ದಿನಾ ಏನಾದರೂ ಹೇಳುತ್ತಾನೆ, ನಿನಗೆ ಮಾತ್ರ ಇಲ್ಲ ಅಂತ ಬರೆದಿದ್ದೀಯ. ಅವರನ್ನು ನಾನು ಆಡಿಕೊಳ್ಳುವುದಿಲ್ಲ. ಕೆಲವರಿಗೆ ನಿಜವಾಗಿಯೂ ತಿಳಿಯುತ್ತದೆ, ನನ್ನ ಅಮ್ಮನಿಗೆ ತಿಳಿಯುತ್ತಿತ್ತು. ಆದರೆ 'ಕರ್ತನು ನನಗೆ ಹೇಳಿದನು' ಅನ್ನುವ ಮಾತು ಕೇಳಿದರೆ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಗುತ್ತದೆ. ಆ ಮಾತನ್ನು ನಾನೂ ಒಂದು ಸಲ ಹೇಳಿದ್ದೇನೆ. ಅದನ್ನು ನಿನ್ನಪ್ಪನಿಗೂ ಹೇಳಿಲ್ಲ.

ನನಗಾಗ 29 ವರ್ಷ. ಅಪ್ಪ ತೀರಿಕೊಂಡು ಎರಡು ವರ್ಷ ಆಗಿತ್ತು. ಅಮ್ಮನಿಗೆ ದಮ್ಮು. ನನ್ನ ತಂಗಿ, ಅಂದರೆ ನಿನ್ನ ಅತ್ತೆ, ಬಾಲವಾಡಿಯಲ್ಲಿ ಕೆಲಸ ಮಾಡಿಕೊಂಡು ಮನೆ ನಡೆಸುತ್ತಿದ್ದಳು. ಮಂಗಳೂರಿನಿಂದ ಅವಳಿಗೆ ಒಂದು ಸಂಬಂಧ ಬಂತು. ಹುಡುಗ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದ. ಒಳ್ಳೆ ಜನ, ಕೇಳಿದ್ದು ಏನೂ ಇಲ್ಲ. ಪ್ರಾರ್ಥನೆ ಮಾಡಿ ಹೇಳುತ್ತೇನೆ ಅಂದೆ. ಆಗೆಲ್ಲ ನಮ್ಮಲ್ಲಿ ಅದೊಂದು ಅಭ್ಯಾಸ. ಹೊಸ ವರ್ಷದ ರಾತ್ರಿ ತಟ್ಟೆಯಿಂದ ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತೇವಲ್ಲ, ಹಾಗೇ ಕಷ್ಟ ಬಂದಾಗ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದು. ನಾನೂ ಇಟ್ಟೆ. ಆದಿಕಾಂಡ 24ನೇ ಅಧ್ಯಾಯ, ಆರನೇ ವಚನ. ನನ್ನ ಮಗನನ್ನು ಅಲ್ಲಿಗೆ ತಿರುಗಿ ಕರೆದುಕೊಂಡು ಹೋಗಬಾರದು ಅಂತ ಅಬ್ರಹಾಮನು, ಮಗನಿಗೆ ಹೆಣ್ಣು ತರಲು ಕಳಿಸುವ ಸೇವಕನಿಗೆ ಹೇಳುವ ಮಾತು.

ಹೋಗಬಾರದು. ನನಗೆ ಅಷ್ಟೇ ಬೇಕಿತ್ತು. ಮಂಗಳೂರಿಗೆ ಕಾಗದ ಬರೆದೆ, ಕರ್ತನ ಚಿತ್ತ ಇಲ್ಲ ಅಂತ.

ಅವಳು ಹೋದರೆ ಅಮ್ಮನನ್ನು ಯಾರು ನೋಡಿಕೊಳ್ಳುವುದು, ಅವಳ ಸಂಬಳ ಇಲ್ಲದೆ ನಿನ್ನಪ್ಪನ ಕಾಲೇಜ್ ಫೀಸ್ ಹೇಗೆ ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಮೊದಲೇ ಮುಗಿದಿತ್ತು. ರೈಟರ್ ಅಲ್ವಾ, ಲೆಕ್ಕ ಚೆನ್ನಾಗಿ ಬರುತ್ತಿತ್ತು. ಅದರ ಕೆಳಗೆ ಸಹಿ ಮಾತ್ರ ದೇವರದ್ದು ಹಾಕಿಸಿದೆ.

ಎಷ್ಟೋ ವರ್ಷ ಆದ ಮೇಲೆ ಚರ್ಚಿನಲ್ಲಿ ಅದೇ ಅಧ್ಯಾಯ ಓದಿದರು. ನಾನು ಬೆರಳಿಟ್ಟ ಜಾಗದಿಂದ ಮುಂದೆ ಓದಿಯೇ ಇರಲಿಲ್ಲ. ಸೇವಕನು ಬಾವಿಯ ಹತ್ತಿರ ಗುರುತು ಕೇಳುತ್ತಾನೆ, ಗುರುತು ಸಿಗುತ್ತದೆ, ಹುಡುಗಿಯ ಅಣ್ಣನೂ ಅಪ್ಪನೂ ಇದು ಯೆಹೋವನಿಂದ ಆದದ್ದು ಅನ್ನುತ್ತಾರೆ. ಎಲ್ಲ ಮುಗಿಯಿತು ಅಂದುಕೊಂಡರೆ, 58ನೇ ವಚನದಲ್ಲಿ ರೆಬೆಕ್ಕಳನ್ನು ಕರೆದು ಕೇಳುತ್ತಾರೆ, ಈ ಮನುಷ್ಯನ ಜೊತೆ ಹೋಗುತ್ತೀಯಾ ಅಂತ. ಹೋಗುತ್ತೇನೆ ಅನ್ನುತ್ತಾಳೆ. ನಾನು ಬೆಂಚಿನಲ್ಲಿ ಕೂತವನು ಹಾಗೇ ಕೂತಿದ್ದೆ, ಕೀರ್ತನೆಗೆ ಎದ್ದು ನಿಲ್ಲಲಿಲ್ಲ.

ನಿನ್ನ ಅತ್ತೆಗೆ ಇದನ್ನು ಹೇಳಿದ್ದು 2019ರ ಆಗಸ್ಟಿನಲ್ಲಿ. ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳಿಗೆ ನುಗ್ಗಿತ್ತಲ್ಲ, ಆ ವಾರ. ಕರೆಂಟ್ ಇಲ್ಲ, ಫೋನ್ ಇಲ್ಲ. ಮೇಣದ ಬತ್ತಿ ಹಚ್ಚಿಕೊಂಡು ಇಬ್ಬರೇ ಕೂತಿದ್ದೆವು. ಬೆರಳಿಟ್ಟದ್ದು, ಲೆಕ್ಕ ಹಾಕಿದ್ದು ಎಲ್ಲ ಹೇಳಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಕೇಳಿದ್ದರೆ ಹೋಗ್ತೇನೆ ಅಂತಿದ್ದೆ ಅಣ್ಣಾ' ಅಂದಳು. ಆಮೇಲೆ, 'ಗಂಜಿ ಬಿಸಿ ಮಾಡಲಾ?' ಅಂದಳು.

ಅದಕ್ಕೇ ಪುಟ್ಟಿ, ನಿನಗೆ ಏನೂ ಕೇಳಿಸಲಿಲ್ಲ ಅಂತ ಓದಿದಾಗ ಒಂದು ಕಡೆ ನನಗೆ ಸಮಾಧಾನವೇ ಆಯಿತು. ಹೀಗೆ ಬರೆಯಬಾರದು. ಆದರೆ ಕೇಳಿಸದೆ ಇರುವುದನ್ನು ಕೇಳಿಸಲಿಲ್ಲ ಅಂತ ಹೇಳಿದ್ದೀಯ. ಆ ವಯಸ್ಸಿನಲ್ಲಿ ನನ್ನಿಂದ ಅದು ಆಗಲಿಲ್ಲ.

ಇನ್ನು ಕೈ ಬಿಡುತ್ತಾನಾ ಅನ್ನುವುದು. ಯಾಕೋಬನ ಪತ್ರದ ಮೊದಲನೇ ಅಧ್ಯಾಯದ ಐದನೇ ವಚನ ನಿನಗೆ ಸಂಡೇ ಸ್ಕೂಲಿನಿಂದ ಬಾಯಿಪಾಠ. ಜ್ಞಾನ ಕಡಿಮೆಯಾದವನು ದೇವರನ್ನು ಕೇಳಲಿ ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ಅದರ ನಡುವೆ ಒಂದು ಮಾತಿದೆ, 'ಹಂಗಿಸದೆ'. ದೇವರು ಹಂಗಿಸದೆ ಕೊಡುವವನು. ಹಂಗಿಸುವುದು ಅಂದರೆ ಏನು ಅಂತ ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಹೋದ ಮಳೆಗಾಲದಲ್ಲಿ ಅಮ್ಮ ನೆಂಟರೊಬ್ಬರ ಮನೆಯಿಂದ ಎರಡು ಸೇರು ಅಕ್ಕಿ ತಂದಿದ್ದಳು. ಆ ಅಕ್ಕಿಯ ಮಾತು ಪ್ರತಿ ಮದುವೆ, ಪ್ರತಿ ಕ್ರಿಸ್ಮಸ್ಸಿಗೂ ಬರುತ್ತಿತ್ತು. ಮೊನ್ನೆ ತಾನೇ ಕೊಟ್ಟೆನಲ್ಲ, ಅದನ್ನೇನು ಮಾಡಿದಿರಿ, ಅಂತ. ಆಮೇಲೆ ಅಮ್ಮ ಹಸಿದುಕೊಂಡು ಇದ್ದಳೇ ಹೊರತು ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ನೀನು ದೇವರನ್ನು ಆ ನೆಂಟರ ಹಾಗೆ ನೋಡುತ್ತಿದ್ದೀಯಾ ಅಂತ ನನಗೆ ಹೆದರಿಕೆ. ಒಂದು ಸಲ ತಪ್ಪು ಮಾಡಿದರೆ ಬಾಗಿಲು ಹಾಕಿಬಿಡುತ್ತಾನೆ, ಇನ್ನೊಂದು ಸಲ ಹೋದರೆ 'ಆವತ್ತೇ ಹೇಳಿರಲಿಲ್ವಾ' ಅನ್ನುತ್ತಾನೆ ಅಂತ. ನಾನು ಅವನ ಹೆಸರಿನಲ್ಲೇ ಸುಳ್ಳು ಹೇಳಿದವನು. ಕೈ ಬಿಡಬೇಕಾದರೆ ನನ್ನನ್ನು ಬಿಡಬೇಕಿತ್ತು. ಬಿಡಲಿಲ್ಲ. ಶಿಕ್ಷೆ ಇಲ್ಲ ಅಂತ ಅಲ್ಲ. ದಿನಾ ಬೆಳಿಗ್ಗೆ ಅವಳ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುತ್ತೇನೆ, ಅದು ಸಾಲದಾ.

ತಪ್ಪು ದಾರಿ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದ್ದೀಯ. ಕಷ್ಟ ಬಂದರೆ ತಪ್ಪು ದಾರಿ ಅಂತ ಮಾತ್ರ ಲೆಕ್ಕ ಹಾಕಬೇಡ. ಅಪೊಸ್ತಲರ ಕೃತ್ಯಗಳಲ್ಲಿ 16ನೇ ಅಧ್ಯಾಯ ಒಂದು ಸಲ ನಿಧಾನವಾಗಿ ಓದು. ಪೌಲನು ಆಸ್ಯ ಸೀಮೆಗೆ ಹೊರಟ, ಆಗಲಿಲ್ಲ. ಬಿಥೂನ್ಯಕ್ಕೆ ಹೊರಟ, ಅದೂ ಆಗಲಿಲ್ಲ. ಅಷ್ಟು ದೊಡ್ಡ ಅಪೊಸ್ತಲನೂ ಮುಚ್ಚಿದ ಬಾಗಿಲಿಗೆ ಎರಡು ಸಲ ಹಣೆ ಬಡಿದುಕೊಂಡ. ಆಮೇಲೆ ತ್ರೋವ ಪಟ್ಟಣದಲ್ಲಿ ರಾತ್ರಿ ಮಕೆದೋನ್ಯದ ಒಬ್ಬ ಮನುಷ್ಯ ಬಾ ಅಂತ ಕರೆದದ್ದು ಕಂಡ. ಬೆಳಿಗ್ಗೆ ಎದ್ದು ಜೊತೆಯವರ ಹತ್ತಿರ ಮಾತಾಡಿ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಅಲ್ಲಿ ಹೋಗಿ ನೋಡಿದರೆ ಆ ಮನುಷ್ಯ ಇಲ್ಲ, ಹೊಳೆಯ ಬದಿಯಲ್ಲಿ ಕೂತ ಹೆಂಗಸರು. ಸ್ವಲ್ಪ ದಿನಕ್ಕೆ ಏಟು, ಸೆರೆಮನೆ. ಸರಿಯಾದ ದಾರಿಯೇ ಅದು.

ಇಲ್ಲಿನ ನಮ್ಮ ಆನಂದಪುರದ ಕ್ರೈಸ್ತ ಸಭೆ ಹುಟ್ಟಿದ್ದೂ ಹೀಗೇ ಅಲ್ವಾ. ಜರ್ಮನಿಯಿಂದ ಬಂದ ಪಾದ್ರಿ ಮೋಗ್ಲಿಂಗ್ ಅವರು 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದವರು, ಕನ್ನಡದ ಮೊದಲ ಪತ್ರಿಕೆ ಅಂತ ನೀನು ಶಾಲೆಯಲ್ಲಿ ಓದಿದ್ದೀಯ. ಹತ್ತು ವರ್ಷದ ಹೊತ್ತಿಗೆ ಮೈ ಸೋತು ಜರ್ಮನಿಗೆ ಮರಳುವ ಯೋಚನೆಯಲ್ಲಿದ್ದರು. ಆಗ ಕೊಡಗಿನವರೊಬ್ಬರು ಅವರನ್ನು ಹುಡುಕಿಕೊಂಡು ಹೋದರು. ಊರಿನ ದಾರಿ ಬಿಟ್ಟು 1853ರಲ್ಲಿ ಘಟ್ಟ ಹತ್ತಿದರು. 1860ರಲ್ಲಿ ಕೊಡಗು ಬಿಟ್ಟು ಹೊರಟೂ ಹೋದರು. ಏಳೇ ವರ್ಷ. ಅವರಿಗೆ ಹಡಗಿನಲ್ಲಿ ಕೂತಾಗ ಏನನ್ನಿಸಿತೋ, ನಾನು ಕೇಳಿದ್ದು ತಪ್ಪಾ ಅನ್ನಿಸಿತೋ. ನಾನು ಸುಮ್ನೆ ಯೋಚಿಸುತ್ತೇನೆ. ನಾವು ಇಲ್ಲಿ ಇದ್ದೇವೆ ಅಂತೂ.

ಬುದ್ಧಿ ಹೇಳುವುದಕ್ಕೆ ನನಗೆ ಮುಖ ಇಲ್ಲ. ಆದರೂ ನೀನು ಕೇಳಿದ್ದರಿಂದ ಹೇಳುತ್ತೇನೆ. ಬೈಬಲಿಗೆ ಬೆರಳಿಡಬೇಡ. ದಿನಕ್ಕೆ ಒಂದು ಅಧ್ಯಾಯ ಸಾಲಾಗಿ ಓದು, ಬೇಜಾರಾದರೂ ಸರಿ. ನನ್ನ ಕಾಲಿಗೆ ದೀಪ ಅಂತ ಕೀರ್ತನೆಯಲ್ಲಿ ಇದೆಯಲ್ಲ, ಕಾಲಿಗೆ ದೀಪ ಹಿಡಿದರೆ ಮುಂದಿನ ಹೆಜ್ಜೆ ಕಾಣುತ್ತದೆ ಅಷ್ಟೇ, ಗೇಟಿನ ತನಕ ಕಾಣುವುದಿಲ್ಲ. ಹಿಂದೆ ರಾತ್ರಿ ಲಾಟೀನು ಹಿಡಿದು ಕೂಲಿಯವರ ಲೈನ್ ಮನೆಗಳಿಗೆ ಹೋಗುತ್ತಿದ್ದ ನಮಗೆ ಇದು ಚೆನ್ನಾಗಿ ಗೊತ್ತು. ನೈಟ್ ಡ್ಯೂಟಿ ಮುಗಿಸಿ ಬಂದು ಏನನ್ನೂ ತೀರ್ಮಾನ ಮಾಡಬೇಡ, ಮಲಗಿ ಎದ್ದು ಯೋಚಿಸು. ಏಜೆಂಟ್ ಸರ್ಕಾರದಲ್ಲಿ ರಿಜಿಸ್ಟರ್ ಆದವನೇ ಅಂತ ನೋಡು. ಪ್ರಾರ್ಥನೆ ಮಾಡಿದ್ದೇನೆ ಅಂತ ಕಾಗದಪತ್ರ ಓದದೆ ಸಹಿ ಹಾಕಬಾರದು. ನಿನಗೆ ಬೇಡದ ಮಾತು ಹೇಳುವ ಒಬ್ಬರನ್ನಾದರೂ ಕೇಳು. ನನ್ನನ್ನೇ ಕೇಳು ಅಂತ ಅಲ್ಲ. ನಿಮ್ಮ ಸಭಾಪಾಲಕರು ಒಳ್ಳೆಯವರು ಅಂತ ನಿನ್ನಮ್ಮ ಹೇಳುತ್ತಿದ್ದಳು.

ಮತ್ತೆ, ನಿನಗೆ ಹೋಗಲು ಮನಸ್ಸಿದ್ದರೆ ಮನಸ್ಸಿದೆ ಅಂತಲೇ ದೇವರಿಗೆ ಹೇಳು. ಇಲ್ಲದಿದ್ದರೆ ಇಲ್ಲ ಅಂತ ಹೇಳು. ನಾನು ಆ ರಾತ್ರಿ ಅಷ್ಟೊಂದು ಪ್ರಾರ್ಥನೆ ಮಾಡಿದೆ, ಕರ್ತನೇ ಅವಳು ಹೋಗುವುದು ನನಗೆ ಬೇಡ ಅಂತ ಮಾತ್ರ ಹೇಳಲಿಲ್ಲ. ಹೇಳಿದ್ದರೆ ನನ್ನ ಕಿವಿಗಾದರೂ ಅದು ಬೀಳುತ್ತಿತ್ತು.

ಇಷ್ಟು ಬರೆದು ಅತ್ತೆಗೆ ಓದಿ ಹೇಳಿದೆ. ಅವಳು ಮೊರದಲ್ಲಿ ಒಳ್ಳೆಮೆಣಸು ಆರಿಸುತ್ತಿದ್ದಳು. ಮಂಗಳೂರಿನ ವಿಷಯ ಬಂದಾಗ ಕೈ ನಿಂತಿತು, ಮತ್ತೆ ಆರಿಸಿದಳು. ಇರಲಿ ಬಿಡು, ಅವಳಿಗೂ ಗೊತ್ತಾಗಲಿ ಅಂದಳು. ಪೂರ್ತಿ ಕೇಳಿದ ಮೇಲೆ, ಇಷ್ಟುದ್ದ ಬರೆದಿದ್ದೀಯ, ಹುಡುಗಿಗೆ ಹೋಗುವುದಕ್ಕೆ ಇಷ್ಟ ಇದೆಯಾ ಅಂತ ಒಂದು ಮಾತು ಕೇಳಿದ್ದೀಯಾ ಅಂದಳು.

ಕೇಳಿರಲಿಲ್ಲ. ನಿನ್ನಪ್ಪನೂ ಕೇಳಿಲ್ಲ ಅಂತ ಕಾಣುತ್ತದೆ.

ನೀನು ಹೋಗ್ತೀಯಾ ಪುಟ್ಟಿ?

ನಿನ್ನ
ದೊಡ್ಡಪ್ಪ