ಬೈದರೆ ಮನಸ್ಸು ಗಟ್ಟಿಯಾಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಶಾಲೆಯಲ್ಲಿ ಪಿ.ಟಿ. ಮಾಸ್ಟ್ರಾಗಿದ್ದು ನಿವೃತ್ತನಾದವನು. ಈಗಲೂ ಬೆಳಿಗ್ಗೆ ಉಡುಪಿಯ ಅಜ್ಜರಕಾಡು ಮೈದಾನಕ್ಕೆ ಹೋಗುತ್ತೇನೆ. ಅಲ್ಲಿ ಅಗ್ನಿವೀರ ಭರ್ತಿಗೆ ತಯಾರಾಗುವ ಹುಡುಗರು ಸಿಗುತ್ತಾರೆ. 1.6 ಕಿ.ಮೀ. ಓಟ, ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತುವುದು), 9 ಅಡಿ ಹೊಂಡ ಹಾರುವುದು, ದಿನಾ ಅದೇ ಅಭ್ಯಾಸ. ಮುಂದೆ ನಮ್ಮ ಸೇನೆಯ ಕಮಾಂಡೋ ಪಡೆಯಾದ ಪ್ಯಾರಾ ಎಸ್‌ಎಫ್ ಸೇರಬೇಕು, ಅವರ ಮೆರೂನ್ ಟೋಪಿ ಹಾಕಬೇಕು ಅಂತ ಹಲವರಿಗೆ ಆಸೆ. ಕೇಳಿದರೆ ಖುಷಿಯಾಗುತ್ತದೆ.

ಆದರೆ ಕಳೆದ ತಿಂಗಳು ಮಳೆಯಲ್ಲಿ ಕಂಡದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ತರಬೇತಿ ಕೊಡುವವರೊಬ್ಬರು, ಓಟದಲ್ಲಿ ಹಿಂದೆ ಬಿದ್ದ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ, ಬಳೆ ತೊಟ್ಕೊಂಡು ಮನೆಯಲ್ಲಿ ಕೂತ್ಕೋ ಅಂತ ಬೈದರು. ಮಾರನೇ ದಿನದಿಂದ ಹುಡುಗ ಬರಲಿಲ್ಲ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದೆ. "ಮನಸ್ಸು ಗಟ್ಟಿ ಆಗಬೇಕಲ್ವಾ ಮಾಸ್ಟ್ರೇ, ಕಮಾಂಡೋ ತರಬೇತಿ ಹೀಗೇ ಇರುವುದು" ಅಂದರು.

ಬೈಗುಳ ಅಲ್ಲಿಯೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಮನುಷ್ಯನನ್ನು ಅಲ್ಲಿ ಕೊನೆವರೆಗೆ ಉಳಿಸುವುದು ಬೈಗುಳ ಅಲ್ಲ. ಬ್ರಿಟನ್ನಿನ ಕಮಾಂಡೋ ಪಡೆ ಎಸ್‌ಎಎಸ್‌ನ ಆಯ್ಕೆಯನ್ನೇ ನೋಡಿ. ವೇಲ್ಸ್‌ನ ಬೆಟ್ಟಗಳಲ್ಲಿ ಭಾರದ ಚೀಲ ಹೊತ್ತು, ನಕ್ಷೆ ನೋಡಿಕೊಂಡು ಒಬ್ಬನೇ ನಡೆಯಬೇಕು, ಕೊನೆಯ ನಡಿಗೆ ಸುಮಾರು 64 ಕಿ.ಮೀ., ಅದಕ್ಕೆ 20 ಗಂಟೆ. ದಾರಿಯಲ್ಲಿ ಸಿಗುವ ಅಧಿಕಾರಿ ಬೈಯುವುದೂ ಇಲ್ಲ, ಶಹಬ್ಬಾಸ್ ಅನ್ನುವುದೂ ಇಲ್ಲ. ಚೆನ್ನಾಗಿ ನಡೆಯುತ್ತಿದ್ದೇನಾ ಅಂತಲೂ ಗೊತ್ತಾಗುವುದಿಲ್ಲ. ಬೈಸಿಕೊಂಡೇ ಓಡಿ ಅಭ್ಯಾಸವಾದ ಹುಡುಗ ಅಂಥ ಕಡೆ ಏನು ಮಾಡಬೇಕು?

ಅಮೆರಿಕದ ನೌಕಾಪಡೆಯ ಕಮಾಂಡೋಗಳಾದ ನೇವಿ ಸೀಲ್‌ಗಳ ತರಬೇತಿಯಲ್ಲಿ ಒಂದು ಕಠಿಣ ವಾರ ಇದೆ. ಐದೂವರೆ ದಿನ, ಒಟ್ಟು ನಿದ್ದೆ ನಾಲ್ಕು ಗಂಟೆಯಷ್ಟು, ಉಳಿದ ಹೊತ್ತೆಲ್ಲ ತಣ್ಣನೆ ಸಮುದ್ರ, ಮರಳು, ಓಟ. ಸಾಕು ಅನಿಸಿದವನು ಗಂಟೆಯನ್ನು ಮೂರು ಸಲ ಬಾರಿಸಿ ಹೊರಗೆ ಹೋಗಬಹುದು. ಒಳ್ಳೆ ಕಟ್ಟುಮಸ್ತಾದವರೂ ಬಾರಿಸುತ್ತಾರೆ. ಇನ್ನೆಷ್ಟು ದಿನ ಬಾಕಿ ಅಂತ ಲೆಕ್ಕ ಹಾಕಲು ಕೂತರೆ ಮುಗಿಯಿತು, ಮುಂದಿನ ಊಟದವರೆಗೆ ತಡೆದುಕೊಳ್ಳುತ್ತೇನೆ ಅಂದುಕೊಂಡವನು ಉಳಿಯುತ್ತಾನೆ. ಆ ನೌಕಾಪಡೆ ಇದನ್ನು ಪಾಠವಾಗಿಯೇ ಹೇಳಿಕೊಡುತ್ತದೆ: ಸಣ್ಣ ಗುರಿ ಇಟ್ಟುಕೊಳ್ಳುವುದು, ಉಸಿರು ನಿಧಾನ ಮಾಡುವುದು, ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು, ಮಾಡಬೇಕಾದ ಕೆಲಸವನ್ನು ಮೊದಲೇ ಮನಸ್ಸಿನಲ್ಲಿ ಮಾಡಿ ನೋಡುವುದು. ಅಂದರೆ ಇದು ಕಲಿಸಿದರೆ ಬರುವ ವಿದ್ಯೆ.

ನಮ್ಮ ಊರಿಗೂ ಇದು ಹೊಸತಲ್ಲ. ಮಲ್ಪೆಯ ಹುಡುಗನೊಬ್ಬ ಆಳಸಮುದ್ರದ ಬೋಟಿನಲ್ಲಿ ಕೆಲಸ ಮಾಡುತ್ತಾನೆ, ಜೂನ್ ಜುಲೈಯಲ್ಲಿ ಮೀನುಗಾರಿಕೆಗೆ ರಜೆ ಆದ್ದರಿಂದ ಮೈದಾನಕ್ಕೆ ಬರುತ್ತಾನೆ. ಹತ್ತು ದಿನ ನೀರಿನ ಮೇಲೆ, ಬಲೆ ಎಳೆಯುವಾಗೆಲ್ಲ ಏಳಬೇಕು, ನಡುವೆ ಸಿಕ್ಕಷ್ಟೇ ನಿದ್ದೆ. ಹೇಗೆ ಆಗುತ್ತದೆ ಮಾರಾಯ ಅಂದರೆ, "ದಡದ ಬಗ್ಗೆ ಯೋಚಿಸಬಾರದು ಮಾಸ್ಟ್ರೇ, ಈಗಿನ ಬಲೆ ಎಳೆದರೆ ಸಾಕು" ಅಂದ. ಓಟದಲ್ಲಿ ಅವನು ಮೊದಲಿಗನಲ್ಲ. ಆದರೆ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿಲ್ಲ.

ಇನ್ನೊಂದು ಮಾತು. ಪ್ಯಾರಾ ಎಸ್‌ಎಫ್‌ಗೆ ಹೋಗುವವರು ಸ್ವಂತ ಇಚ್ಛೆಯಿಂದಲೇ ಹೋಗುತ್ತಾರೆ. ಪ್ರೊಬೇಷನ್ ಅಂದರೆ ಪರೀಕ್ಷೆಯ ಅವಧಿಯಲ್ಲಿ ತುಂಬಾ ಜನ ವಾಪಸ್ ಬಂದು ತಮ್ಮ ಯೂನಿಟ್ಟಿನಲ್ಲಿ ಸೇವೆ ಮುಂದುವರಿಸುತ್ತಾರೆ. ಅವರನ್ನು ಹೇಡಿ ಅನ್ನಬೇಕಾ? ನಮ್ಮ ಮಂಗಳೂರಿನ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ಸೇನೆಯ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದವರು, ಪ್ಯಾರಾ ಎಸ್‌ಎಫ್‌ನವರಲ್ಲ. 2023ರ ನವೆಂಬರ್‌ನಲ್ಲಿ ಜಮ್ಮು ಕಾಶ್ಮೀರದ ರಜೌರಿಯಲ್ಲಿ ಪ್ಯಾರಾ ಕಮಾಂಡೋಗಳ ಜೊತೆಗೇ ಹೋರಾಡಿ ಪ್ರಾಣ ಕೊಟ್ಟರು. ಧೈರ್ಯವನ್ನು ಟೋಪಿಯ ಬಣ್ಣದಲ್ಲಿ ಅಳೆಯುವುದನ್ನು ಮೊದಲು ಬಿಡಬೇಕು.

ತರಬೇತಿ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮಳೆಯಲ್ಲಿ ಓಡಿಸಿ, ಕೆಸರಿನಲ್ಲಿ ಹೊರಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹಿಂದೆ ಬಿದ್ದವನ ಜೊತೆ ಒಂದು ಸುತ್ತು ನೀವೂ ಓಡಿ, ಉಸಿರು ಹೇಗೆ ಹಿಡಿತಕ್ಕೆ ತರಬೇಕು ಅಂತ ತೋರಿಸಿ. ಬೈಸಿಕೊಂಡು ಬರುವುದು ಬಿಟ್ಟ ಆ ಹುಡುಗನ ಮನೆ ಎಲ್ಲಿ ಅಂತ ವಿಚಾರಿಸಿದ್ದೇನೆ. ಈ ಭಾನುವಾರ ಹೋಗಿ ಕರೆದುಕೊಂಡು ಬರುತ್ತೇನೆ.

ಒಬ್ಬ ನಿವೃತ್ತ ದೈಹಿಕ ಶಿಕ್ಷಕ, ಉಡುಪಿ